ಕಡ್ಡಾಯ ಮಾಡಿದವರೇ ಕಾಸೂ ಬಿಚ್ಚಲಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿ.ಟಿ.ಯು.) 2022ರ ಸ್ಕೀಮ್‌ನಲ್ಲಿ ಓದುವ ಬಿ.ಇ. ವಿದ್ಯಾರ್ಥಿ ಕೊನೆಯ ವರ್ಷ 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಅದಕ್ಕೆ 10 ಕ್ರೆಡಿಟ್. ಮಾಡದಿದ್ದರೆ ಪದವಿ ಇಲ್ಲ. ನಿಯಮ ಒಳ್ಳೆಯದೇ, ನಾಲ್ಕು ಗೋಡೆಯೊಳಗೆ ಎಂಜಿನಿಯರ್ ತಯಾರಾಗುವುದಿಲ್ಲ ಎಂಬ ಮಾತಿಗೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ದುಡ್ಡಿನ ವಿಷಯದಲ್ಲಿ. ನಿಯಮ ಮಾಡಿದ್ದು ವಿಶ್ವವಿದ್ಯಾಲಯ. ಆ ಸೆಮಿಸ್ಟರಿನ ಶುಲ್ಕ ಕಟ್ಟಿಸಿಕೊಳ್ಳುವುದು ಕಾಲೇಜು. ಕೆಲಸ ಮಾಡಿಸಿಕೊಳ್ಳುವುದು ಕಂಪನಿ. ಖರ್ಚು ಮಾತ್ರ ರಾಯಚೂರಿನಲ್ಲೋ ಯಾದಗಿರಿಯಲ್ಲೋ ಕೂತಿರುವ ಅಪ್ಪ ಅಮ್ಮನದು.

ಆ ಖರ್ಚು ಎಷ್ಟೆಂದು ಬೆಂಗಳೂರಿಗೆ ಮಕ್ಕಳನ್ನು ಕಳಿಸಿದವರಿಗೆ ಗೊತ್ತು. ಮೂವರು ಸೇರಿ ಒಂದು ಕೋಣೆ ಹಂಚಿಕೊಂಡರೂ ಪಿ.ಜಿ.ಗೆ ತಿಂಗಳಿಗೆ ಏಳೆಂಟು ಸಾವಿರ ಬೇಕು. ಅದರ ಮೇಲೆ ಅಡ್ವಾನ್ಸು, ಬಸ್ಸು, ಮಧ್ಯಾಹ್ನದ ಊಟ. ನಾಲ್ಕು ತಿಂಗಳಿಗೆ ನಲವತ್ತು ಸಾವಿರ ಮುಟ್ಟುವುದು ದೊಡ್ಡ ಮಾತಲ್ಲ. ಜಯನಗರದಲ್ಲಿ ಸ್ವಂತ ಮನೆಯಿರುವ ಹುಡುಗಿಗೆ ಇದೇ ಇಂಟರ್ನ್‌ಶಿಪ್ ಬಹುತೇಕ ಪುಕ್ಕಟೆ. ಅವಳಿಗೂ ರಾಯಚೂರಿನ ಹುಡುಗನಿಗೂ ಪರೀಕ್ಷೆ ಒಂದೇ, ಕ್ರೆಡಿಟ್ಟೂ ಒಂದೇ. ಕೆಲಸ ಕೊಡುವವನು ನಾಳೆ ಬಯೋಡೇಟಾ ನೋಡುವಾಗ ಮಾತ್ರ ಒಬ್ಬಳು ಹೆಸರಾಂತ ಕಂಪನಿಯಲ್ಲಿ ಪಳಗಿದವಳು, ಇನ್ನೊಬ್ಬ ಊರಿನ ಹತ್ತಿರವೇ ಎಲ್ಲೋ ‘ಮುಗಿಸಿದವನು’.

ಎಲ್ಲೋ ಮುಗಿಸುವುದು ಹೇಗೆಂಬುದೂ ಗುಟ್ಟೇನಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಫ್ಲೆಕ್ಸ್ ಕಟ್ಟಿಕೊಂಡು ಕೂತಿರುವ ತರಬೇತಿ ಅಂಗಡಿಗಳಿವೆ. ಕೆಲವು ಸಾವಿರ ಕಟ್ಟಿದರೆ ಪ್ರಾಜೆಕ್ಟು, ರಿಪೋರ್ಟು, ಸರ್ಟಿಫಿಕೇಟು ಮೂರೂ ಕೈಗೆ ಬರುತ್ತವೆ. ದುಡಿದವನಿಗೆ ಕೂಲಿ ಕೊಡುವುದು ಹಾಗಿರಲಿ, ದುಡಿದಂತೆ ನಟಿಸಲು ಅವನೇ ಕಾಸು ಕೊಡಬೇಕು. ವೈವಾದಲ್ಲಿ ಆ ರಿಪೋರ್ಟಿನ ಪುಟ ತಿರುಗಿಸುವ ಮೇಷ್ಟ್ರಿಗೂ ಇದು ಗೊತ್ತು, ಅಂಕಪಟ್ಟಿಗೆ ಸಹಿ ಹಾಕುವವರಿಗೂ ಗೊತ್ತು. ಇದಕ್ಕೆ ವಿದ್ಯಾರ್ಥಿಯನ್ನು ಬೈಯುವುದು ಸುಲಭ. ಆದರೆ ನಲವತ್ತು ಸಾವಿರ ಇಲ್ಲದವನ ಮುಂದೆ ಬೇರೆ ಯಾವ ದಾರಿ ಇಟ್ಟಿದ್ದೀರಿ?

ಸರ್ಕಾರದ ಯೋಜನೆಗಳಿವೆಯಲ್ಲ ಎನ್ನುವವರುಂಟು. ನೋಡೋಣ. 2024ರ ಜುಲೈ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ತಿಂಗಳಿಗೆ 5,000 ರೂಪಾಯಿ ಕೊಡುವ ಮಾತಾಡಿತು. ಆದರೆ ಪೂರ್ಣಾವಧಿ ಓದಿನಲ್ಲಿರುವವರು ಅದಕ್ಕೆ ಅರ್ಜಿ ಹಾಕುವಂತಿಲ್ಲ. ರಾಜ್ಯದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000 ಕೊಡುತ್ತದೆ, ಅದೂ ಪಾಸಾಗಿ ಆರು ತಿಂಗಳು ನಿರುದ್ಯೋಗಿಯಾಗಿ ಕಳೆದ ಮೇಲೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆಂದು ಬಂದ ವಿದ್ಯಾಸಿರಿಯ ಲೆಕ್ಕ ವರ್ಷಕ್ಕೆ ಹತ್ತು ತಿಂಗಳು. ಹೊಟ್ಟೆಗೆ ಬೇಸಿಗೆ ರಜೆ ಇರುತ್ತದೆಂದು ಯಾರಿಗೆ ಹೊಳೆಯಿತೋ. ಒಟ್ಟಿನಲ್ಲಿ ಕಡ್ಡಾಯ ಇಂಟರ್ನ್‌ಶಿಪ್‌ನ ಖರ್ಚಿಗೆಂದೇ ಇರುವುದು ಇವುಗಳಲ್ಲಿ ಒಂದೂ ಇಲ್ಲ.

ಎಂಜಿನಿಯರಿಂಗ್ ಹುಡುಗರ ಕಷ್ಟವಾದರೂ ಆಗಾಗ ಸುದ್ದಿಯಾಗುತ್ತದೆ. ಬಿ.ಇಡಿ. ಓದುವವರ ಕಡೆ ಯಾರೂ ತಿರುಗಿ ನೋಡಿದ್ದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ 2014ರ ನಿಯಮದಂತೆ ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಶಾಲೆಗೆ ಮೀಸಲು. ಇವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು, ಎಷ್ಟೋ ಮಂದಿ ಮದುವೆಯಾದವರು, ಮಗುವನ್ನು ಅತ್ತೆಯ ಕೈಗೋ ತಾಯಿಯ ಕೈಗೋ ಕೊಟ್ಟು ಬರುವವರು. ಬೆಳಿಗ್ಗೆ ಸೀರೆಯುಟ್ಟು ಪಾಠ ಟಿಪ್ಪಣಿ ಹಿಡಿದು ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಾರೆ. ಅಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲದಿದ್ದರೆ ಮುಖ್ಯೋಪಾಧ್ಯಾಯರಿಗೆ ಇವರೇ ದಿಕ್ಕು. ಅಭ್ಯಾಸ ಪಾಠ ಎಂದು ಶುರುವಾದದ್ದು ವಾರ ಕಳೆಯುವಷ್ಟರಲ್ಲಿ ಪೂರಾ ಪಾಠವಾಗುತ್ತದೆ. ಜೊತೆಗೆ ಪರೀಕ್ಷಾ ಕೊಠಡಿ ಕಾಯುವುದು, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವುದು. ಪಕ್ಕದ ತರಗತಿಯಲ್ಲಿ ಅದೇ ಕೆಲಸ ಮಾಡುವ ಅತಿಥಿ ಶಿಕ್ಷಕಿಗೆ ಅಲ್ಪವಾದರೂ ಗೌರವಧನ ಉಂಟು. ಇವರಿಗೆ ಮಧ್ಯಾಹ್ನ ಮಕ್ಕಳ ಬಿಸಿಯೂಟ ಸಿಕ್ಕರೆ ಅದೇ ಸಂಬಳ. ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜಾದರೂ ಉಳಿಯಿತು.

‘ಕಲಿಸುವುದೇ ಉಪಕಾರ, ಮೇಲೆ ದುಡ್ಡು ಬೇರೆ ಕೊಡಬೇಕೇ’ ಎನ್ನುವ ಹಿರಿಯರ ವಾದ ಇದೆ. ವಕೀಲರ ಕಚೇರಿಗಳಲ್ಲಿ ಈ ಮಾತು ಇಂದಿಗೂ ಜೋರು. ಅಂಥ ಕಡೆಯಲ್ಲೂ ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ಮಾಡಬೇಕಾಯಿತು. ಬರೀ ಸಲಹೆ, ಆದೇಶವಲ್ಲ, ಅದು ಬೇರೆ ಮಾತು. ಅಪ್ರೆಂಟಿಸ್ ಕಾಯ್ದೆಯಡಿ ಬರುವ ಪದವೀಧರನಿಗೆ 2019ರ ತಿದ್ದುಪಡಿಯೇ ಕನಿಷ್ಠ 9,000 ನಿಗದಿ ಮಾಡಿತ್ತು. ಅದೇ ಕಾರ್ಖಾನೆ, ಅದೇ ಕೆಲಸ. ಕಾಗದದ ಮೇಲೆ ಅಪ್ರೆಂಟಿಸ್ ಎಂದಿದ್ದರೆ ಸ್ಟೈಪೆಂಡ್, ಇಂಟರ್ನ್ ಎಂದಿದ್ದರೆ ನಮಸ್ಕಾರ. ಫ್ರಾನ್ಸಿನಲ್ಲಿ ಎರಡು ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ಭತ್ಯೆ ಕೊಡುವುದು ಕಾನೂನು. ಅಮೆರಿಕದ ಶ್ವೇತಭವನವೂ 2022ರ ತನಕ ಬಿಟ್ಟಿ ದುಡಿಸಿಕೊಂಡು ಆಮೇಲೆ ತಿದ್ದಿಕೊಂಡಿತು.

ಅಮೆರಿಕದ ಯೇಲ್, ನಾರ್ತ್‌ವೆಸ್ಟರ್ನ್‌ನಂಥ ವಿಶ್ವವಿದ್ಯಾಲಯಗಳು ಬಿಟ್ಟಿ ಇಂಟರ್ನ್‌ಶಿಪ್ ಹಿಡಿದ ವಿದ್ಯಾರ್ಥಿಗೆ ಬೇಸಿಗೆಯ ಖರ್ಚನ್ನು ತಾವೇ ಕೊಡುವ ವ್ಯವಸ್ಥೆ ಮಾಡಿಕೊಂಡಿವೆ. ಇದನ್ನು ಇಲ್ಲಿ ಹಾಗೇ ಎತ್ತಿ ತಂದರೆ ಅಪಾಯವಿದೆ. ವಿಶ್ವವಿದ್ಯಾಲಯ ಕೊಡುತ್ತದೆಂದು ಗೊತ್ತಾದ ಮರುದಿನವೇ ಈಗ ಹತ್ತು ಸಾವಿರ ಕೊಡುತ್ತಿರುವ ಕಂಪನಿಯೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ವಿದ್ಯಾರ್ಥಿಗಳ ಶುಲ್ಕದ ಹಣ ಸುತ್ತಿ ಬಳಸಿ ಷೇರುದಾರರ ಜೇಬು ಸೇರುತ್ತದೆ. ಹಾಗಾಗಿ ಗೆರೆ ಸ್ಪಷ್ಟವಾಗಿರಲಿ. ಲಾಭಕ್ಕಾಗಿ ನಡೆಯುವ ಕಂಪನಿ ತಾನೇ ಸ್ಟೈಪೆಂಡ್ ಕೊಡಬೇಕು. ಕೊಡದ ಕಂಪನಿಯ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇಲ್ಲ. ಇಷ್ಟು ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ, ಬಿಡಿಗಾಸು ಖರ್ಚಿಲ್ಲ. ವಿಶ್ವವಿದ್ಯಾಲಯದ ಹಣ ಹೋಗಬೇಕಾದ್ದು ಕೊಡುವ ಶಕ್ತಿಯೇ ಇಲ್ಲದ ಕಡೆಗೆ: ಸರ್ಕಾರಿ ಶಾಲೆ, ಗ್ರಾಮ ಪಂಚಾಯಿತಿ, ಕಾನೂನು ನೆರವು ಕೇಂದ್ರ, ಪತ್ರಾಗಾರ, ಸಣ್ಣ ಊರಿನ ಪತ್ರಿಕೆ. ಅದೂ ಮನೆಯ ಆದಾಯ ನೋಡಿ, ಇಂಟರ್ನ್‌ಶಿಪ್ ಶುರುವಾಗುವ ಮೊದಲೇ. ಕೋರ್ಸ್ ಮುಗಿದ ಮೇಲೆ ಖಾತೆಗೆ ಬೀಳುವ ಸ್ಕಾಲರ್‌ಶಿಪ್ಪಿನ ಕಥೆ ನಮಗೆ ಸಾಕಷ್ಟು ಗೊತ್ತಿದೆ.

ದುಡ್ಡೆಲ್ಲಿದೆ? ಪಿಂಚಣಿ ಕೊಡಲೂ ಪರದಾಡುತ್ತಿರುವ ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳ ಮುಂದೆ ಈ ಪ್ರಶ್ನೆ ನ್ಯಾಯವಾದದ್ದೇ. 2025ರಲ್ಲಿ ಹಣದ ಕೊರತೆಯ ಕಾರಣ ಹೇಳಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದ ಸರ್ಕಾರ ನಮ್ಮದು. ಅಂಥ ಕಡೆ ಹೊಣೆ ರಾಜ್ಯದ ಬಜೆಟ್ಟಿನದು. ಆದರೆ ವಿ.ಟಿ.ಯು. ಈ ಮಾತು ಆಡುವಂತಿಲ್ಲ. 1999ರಿಂದ 2010ರವರೆಗೆ ಅದರ ಬಳಿ ಸುಮಾರು 500 ಕೋಟಿ ರೂಪಾಯಿ ಉಳಿಕೆಯಾಗಿತ್ತೆಂದು ಸುಪ್ರೀಂ ಕೋರ್ಟ್ 2016ರ ತೀರ್ಪಿನಲ್ಲಿ ದಾಖಲಿಸಿ, ಆದಾಯ ತೆರಿಗೆ ವಿನಾಯಿತಿಯನ್ನೇ ನಿರಾಕರಿಸಿತು. ಆ ಉಳಿಕೆ ಕೂಡಿದ್ದು ಹೆಚ್ಚಾಗಿ ವಿದ್ಯಾರ್ಥಿಗಳಿಂದ, ಕಾಲೇಜುಗಳಿಂದ ಎತ್ತಿದ ಶುಲ್ಕದಲ್ಲಿ. ವಿದ್ಯಾರ್ಥಿಗಾಗಿ ಖರ್ಚಾಗದ ಶುಲ್ಕ ತೆರಿಗೆ ಇಲಾಖೆಗಾದರೂ ಉಪಯೋಗಕ್ಕೆ ಬಂತು ಎನ್ನಬೇಕೇನೋ.

ಸಿಂಡಿಕೇಟ್ ಸಭೆಗಳಲ್ಲಿ ಈ ವಿಷಯ ತಾನಾಗಿ ಬರುವುದಿಲ್ಲ. ಈ ಸಲ ಸಿಇಟಿ ಸೀಟು ಹಿಡಿಯಲು ಕಾಲೇಜು ಕಾಲೇಜು ಸುತ್ತುವ ತಂದೆತಾಯಿಗಳು ‘ಪ್ಲೇಸ್‌ಮೆಂಟ್ ಎಷ್ಟು’ ಎಂದು ಕೇಳುವಾಗ, ಕಡ್ಡಾಯ ಇಂಟರ್ನ್‌ಶಿಪ್‌ಗೆ ನೀವೆಷ್ಟು ಕೊಡುತ್ತೀರಿ ಎಂದೂ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.