ಕೂರಿಸೋ ಮುಂಚೆ ಒಂದು ಗೇಜ್

ಅಪ್ಪನ ಮಾರುತಿ 800ಗೆ ಹಳೇ ಇಂಜಿನ್ ಒಂದನ್ನು ಗೇರ್‌ಬಾಕ್ಸ್ ಸಮೇತ ಬೆಂಗಳೂರಿಂದ ತಂದಿದ್ದೆ. ಹಳ್ಳಿಮೈಸೂರಿನ ಗ್ಯಾರೇಜಲ್ಲಿ ಇಳಿಸಿ, 'ಒಳ್ಳೇ ಕಂಡೀಷನ್ ಅಂದಿದ್ದಾರೆ ಅಣ್ಣ, ಇವತ್ತೇ ಕೂರಿಸಿಬಿಡಿ' ಅಂದೆ. ಸೋಮವಾರ ನನಗೆ ಆಫೀಸು.

'ಇರಪ್ಪ, ಮೊದಲು ಕಂಪ್ರೆಷನ್ ನೋಡೋಣ' ಅಂದರು ಮೆಕ್ಯಾನಿಕ್.

ಇಂಜಿನ್ ನೆಲದ ಮೇಲಿದ್ದ ಹಾಗೇ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಒಂದು ಪ್ಲಗ್ಗಿನ ಜಾಗಕ್ಕೆ ಗೇಜ್ ಬಿಗಿದು, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ಕೊಟ್ಟು ಸ್ಟಾರ್ಟರ್ ತಿರುಗಿಸಿದರು. ಮೊದಲ ಸಿಲಿಂಡರ್ 165 ಪಿಎಸ್‌ಐ, ಎರಡನೆಯದು 160. ಮೂರನೆಯದು ಬರೀ 90! ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 140. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿರುತ್ತೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕಂತೆ.

ಟೆಸ್ಟ್ ಮಾಡದ ಕೋಡನ್ನು ಆಫೀಸಲ್ಲಿ ನಾನೇ ಮುಂದೆ ಬಿಡಲ್ಲ. ಇಲ್ಲಿ ಮಾತ್ರ ಮಾರಿದವರ ಬಾಯಿಮಾತು ನಂಬಿ ದುಡ್ಡು ಕೊಟ್ಟು ಬಂದಿದ್ದೆ. ಕೂರಿಸಿದ ಮೇಲೆ ಗೊತ್ತಾಗಿದ್ದರೆ, ಮತ್ತೆ ಇಳಿಸೋ ಕೂಲಿಯೂ ಸೇರುತ್ತಿತ್ತು.

ಈಗ ರಿಂಗ್ ಹಾಕಿಸೋಕೆ ಇಂಜಿನ್ ಬಿಚ್ಚಿದ್ದಾರೆ. ಅಲ್ಲಿವರೆಗೂ ಅಪ್ಪ ಹೊಳೆನರಸೀಪುರಕ್ಕೆ ಬಸ್ಸಲ್ಲೇ ಹೋಗಬೇಕು. ನನಗೆ ಒಂದು ಮಾತೂ ಅಂದಿಲ್ಲ, ಅದೇ ಜಾಸ್ತಿ ಬೇಜಾರು.

ನೀವು ಹಳೇ ಇಂಜಿನ್ ತಗೊಳ್ಳೋದಾದರೆ, ದುಡ್ಡು ಕೊಡೋ ಮುಂಚೆನೇ ಗೇಜ್ ಹಾಕಿಸಿ. ಅರ್ಧ ಗಂಟೆ ಕೆಲಸ ಅಷ್ಟೇ.