ಹುಳು ಜ್ವರಕ್ಕೆ ಕೂತಾಗ ಲೆಕ್ಕ ಕಲಿಯಿರಿ
ಹಣಕಾಸಿನ ಲೆಕ್ಕ ಕಲಿಯಿರೆಂದರೆ ಕೈಲಾಂಚ ಹೋಬಳಿಯ ರೇಷ್ಮೆ ಬೆಳೆಗಾರರು ‘ಪುರುಸೊತ್ತೆಲ್ಲಿ ಸ್ವಾಮಿ?’ ಎನ್ನಬಹುದು. ಐದನೇ ಹಂತದಲ್ಲಿ ಆ ಮಾತು ನಿಜವೇ. ಸೊಪ್ಪು ಕೊಯ್ದು ಹಾಕುವುದರಲ್ಲೇ ಹೊತ್ತು ಮುಳುಗುತ್ತದೆ. ಆದರೆ ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಸುಣ್ಣದ ಪುಡಿ ಉದುರಿಸಿದ ಮೇಲೆ ಒಂದು ಗಂಟೆ ಪುಸ್ತಕ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಚಾಕಿ ಹುಳು ತರುವವರಿಗೆ ಮನೆಯಲ್ಲಿ ಎರಡೇ ಜ್ವರ. ಬೆಳೆಗೆ ಎರಡು ಗಂಟೆ, ಅಷ್ಟಾದರೂ ಸರಿ.

ಮೊದಲ ಪಾಠ ಬಡ್ಡಿಯದು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ಎಂದರೆ ಹಗುರವಾಗಿ ಕೇಳುತ್ತದೆ. 50,000 ರೂಪಾಯಿಗೆ ವರ್ಷಕ್ಕೆ 12,000 ಆಯಿತು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲವನ್ನು ವಾಯಿದೆಯೊಳಗೆ ತೀರಿಸಿದರೆ ಶೇಕಡ 4, ಅಂದರೆ 2,000.

ಆಮೇಲೆ ಚಾಕಿ, ಗೊಬ್ಬರ, ಕೂಲಿಯ ಖರ್ಚನ್ನು ಬರೆದು, ರಾಮನಗರದ ಗೂಡಿನ ಮಾರುಕಟ್ಟೆಯ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಲೆಕ್ಕದಿಂದ ಬಿಟ್ಟುಹೋಗುವುದು ಅದೇ.