ಸೊಪ್ಪು ಕೇಳಿದರೆ ಉಪ್ಪು ತಂದೆ!

"ಬರ್ತಾ ಸೊಪ್ಪು ತಗೊಂಡು ಬಾ" ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಳು. ನಾನು ಒಂದು ಕೆಜಿ ಉಪ್ಪು ತಂದೆ. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ತಿಂಗಳಲ್ಲಿ ಅದು ಮೂರನೇ ಎಡವಟ್ಟು. ಆಫೀಸ್ ಮೀಟಿಂಗಿನಲ್ಲಂತೂ ಕೇಳಿಸದಿದ್ದರೂ ತಲೆಯಾಡಿಸುವುದು ರೂಢಿಯಾಗಿಬಿಟ್ಟಿತ್ತು.

ಯಾರಿಗೂ ಹೇಳದೆ ಕಿವಿ ಪರೀಕ್ಷೆ ಮಾಡಿಸಿದೆ. ಎರಡೂ ಕಿವಿಗಳಲ್ಲಿ ಅಲ್ಪ ಪ್ರಮಾಣದ ಶ್ರವಣದೋಷ. ಹೈ ಫ್ರೀಕ್ವೆನ್ಸಿಯ ಸದ್ದುಗಳೇ ನನಗೆ ಕಮ್ಮಿ ಕೇಳುತ್ತವೆ. ಸ, ಶ ಥರದ ಅಕ್ಷರಗಳ ಸದ್ದು ಇರುವುದೂ ಅಲ್ಲೇ. ಸೊಪ್ಪಿನ 'ಸ' ಎಲ್ಲಿ ಹೋಯಿತು ಅಂತ ಆಗ ಗೊತ್ತಾಯಿತು.

ನಾನು ಬಸ್ಸಿನ ಗದ್ದಲ ಮೀರಿಸಲು ಇಯರ್‌ಫೋನ್ ವಾಲ್ಯೂಮ್ ಪೂರ್ತಿ ಏರಿಸುವವಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಬರೀ 4 ಗಂಟೆ! ಅದಕ್ಕೇ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ಸ್ ಕೊಂಡೆ. ಅದರ ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ ಅಡಗಿಸುತ್ತದೆ. ಇಂಜಿನ್, ಎಸಿ, ಫ್ಯಾನಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದು ಹೆಚ್ಚು ತಗ್ಗುತ್ತದೆ. ಈಗ ಅರ್ಧ ವಾಲ್ಯೂಮಿನಲ್ಲೇ ಮಾತು ಸ್ಪಷ್ಟ. ನನಗೆ ಬೇಕಿದ್ದದ್ದು ಜೋರು ಧ್ವನಿಯಲ್ಲ, ಕಡಿಮೆ ಗದ್ದಲ.

ತಪ್ಪು ಮಾಡಿದ್ದು ಆಮೇಲೆ. ಕಿವಿಯಲ್ಲಿ ಬಡ್ಸ್ ಇದ್ದರೆ "ಯಾಕೆ ಕೇಳಿಸಲಿಲ್ಲ?" ಅಂತ ಯಾರೂ ಕೇಳಲ್ಲ ನೋಡಿ. ಒಳ್ಳೆಯ ನೆಪ ಸಿಕ್ಕಿತು. ಮನೆಯಲ್ಲೂ ತೆಗೆಯದೆ ಕೂತೆ. ಅಮ್ಮ ಎರಡೆರಡು ಸಲ ಕರೆಯುತ್ತಿದ್ದವಳು ಕರೆಯುವುದನ್ನೇ ಬಿಟ್ಟಳು. ಒಂದು ರಾತ್ರಿ ತಟ್ಟೆ ಮುಂದಿಟ್ಟು, "ನಿನ್ ಹತ್ರ ಮಾತಾಡೋಕೂ ಮೆಸೇಜ್ ಮಾಡ್ಬೇಕಾ ಪುಟ್ಟಿ?" ಅಂದಳು. ಬಡ್ಸ್ ತೆಗೆದಿಟ್ಟು, "ಅಮ್ಮಾ, ನಂಗೆ ಸರಿಯಾಗಿ ಕೇಳ್ಸಲ್ಲ" ಅಂದೆ. ರಿಪೋರ್ಟ್ ತೋರಿಸಿದೆ. ಅವಳು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತಳು.

ನಿಮಗೂ ಹೀಗಾಗುತ್ತಿದ್ದರೆ ನಾನು ಕಲಿತದ್ದಿಷ್ಟು. ಎದುರಿಗೆ ಯಾರಾದರೂ ಮಾತಾಡುವಾಗ ಬಡ್ಸ್ ತೆಗೆಯಿರಿ. ಅದು ಕಿವಿಯನ್ನು ಮುಚ್ಚುವುದರಿಂದ ಮೊದಲೇ ಕಮ್ಮಿ ಕೇಳುವ ಅಕ್ಷರಗಳು ಇನ್ನೂ ಮಸುಕಾಗುತ್ತವೆ. ರಸ್ತೆ ದಾಟುವಾಗಲೂ ಬೇಡ, ಹಾರ್ನ್ ಕೇಳಿಸಬೇಕು. ಅಮೆರಿಕದ ಎಫ್‌ಡಿಎ 2024ರ ಸೆಪ್ಟೆಂಬರ್‌ನಲ್ಲಿ ಏರ್‌ಪಾಡ್ಸ್ ಪ್ರೋದ ಹಿಯರಿಂಗ್ ಏಡ್ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟಿದೆ, ಅದೂ ದೋಷ ಅಲ್ಪ ಅಥವಾ ಮಧ್ಯಮ ಮಟ್ಟದ್ದಾಗಿರುವ ವಯಸ್ಕರಿಗೆ ಮಾತ್ರ. ಆದರೆ ಎಲ್ಲ ಬಡ್ಸೂ ಹಿಯರಿಂಗ್ ಏಡ್ ಅಲ್ಲ. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಡ್ಸೋ ಹಿಯರಿಂಗ್ ಏಡೋ ಆಡಿಯಾಲಜಿಸ್ಟ್ ಹೇಳಲಿ. ಮುಖ್ಯವಾಗಿ, ಮನೆಯವರಿಗೆ ಹೇಳಿಬಿಡಿ.

ಈಗ ಅಮ್ಮ ಫೋನಿನಲ್ಲಿ ಬರೀ "ಸೊಪ್ಪು" ಅನ್ನಲ್ಲ. "ದಂಟಿನ ಸೊಪ್ಪು, ಎರಡು ಕಟ್ಟು" ಅಂತಾಳೆ. ಉಪ್ಪನ್ನ ಕಟ್ಟಿನ ಲೆಕ್ಕದಲ್ಲಿ ಯಾರೂ ಮಾರಲ್ವಲ್ಲ!